ನಾಲ್ಕನೇ ವಿಶಲ್

"ಮಾವ, ಒಂದು ಕ್ಯಾಪ್ಷನ್ ಬರೆದುಕೊಡ್ತೀರಾ?" ಎಂದು ಅಕ್ಕನ ಮಗಳು ಫೋನಿನಲ್ಲಿ ಕೇಳಿದಾಗ ನಾನು ಕಾಲರ್ ಸರಿಮಾಡಿಕೊಂಡೆ. ಬನಿಯನ್ನಿನಲ್ಲಿದ್ದೆ, ಕಾಲರ್ ಇರಲಿಲ್ಲ. ಆದರೂ ಸರಿಮಾಡಿಕೊಂಡೆ. ನಾಲ್ಕಾರು ಪತ್ರಿಕೆಗಳಲ್ಲಿ ಹೆಸರು ಅಚ್ಚಾಗಿರುವ ನನ್ನಂಥವನನ್ನು ಬಂಧುಬಳಗ ನೆನೆಯುವುದು ಎರಡೇ ಸಂದರ್ಭದಲ್ಲಿ. ಒಂದು, ಮದುವೆಯ ಕರೆಯೋಲೆಯಲ್ಲಿ ಕಾಗುಣಿತ ನೋಡಬೇಕಾದಾಗ. ಇನ್ನೊಂದು, ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚಿಗೆ ಹೋಗುವಾಗ. ಮೂರನೆಯದೊಂದು ಕೂಡಿಬಂತಲ್ಲ ಎಂದು ಹಿಗ್ಗಿ, ಅರ್ಧ ಗಂಟೆ ತಲೆ ಕೆರೆದುಕೊಂಡು, "ಬೇಳೆ ಬೆಂದರೆ ಬಾಳು ಚೆಂದ" ಎಂದು ಪ್ರಾಸಬದ್ಧವಾಗಿ ಬರೆದು ಕಳಿಸಿದೆ.

ಅವಳದೊಂದು ಅಡುಗೆ ಚಾನೆಲ್ಲು. ಈ ಸಲದ್ದು ನುಗ್ಗೆಕಾಯಿ ಹುಳಿ, ಎಂಟು ನಿಮಿಷದ ವಿಡಿಯೊ. ಉತ್ತರವಾಗಿ ಮೊದಲು ನಗುವ ಹಳದಿ ಮುಖಗಳು ಮೂರು ಬಂದವು. ಆಮೇಲೆ ಫೋನೇ ಬಂತು.

"ಫೋಟೋ ಕೆಳಗೆ ಹಾಕೋ ಕ್ಯಾಪ್ಷನ್ ಅಲ್ಲ ಮಾವ. ನಾನು ಮಾತಾಡಿದ್ದೆಲ್ಲ ಕೆಳಗಡೆ ಅಕ್ಷರದಲ್ಲಿ ಬರಬೇಕು. ದೊಡ್ಡಜ್ಜಿ ನೋಡ್ತಾರಲ್ಲ, ಅವರಿಗೆ ಕೇಳಿಸಲ್ಲ."

ದೊಡ್ಡಜ್ಜಿ ಎಂದರೆ ನನ್ನ ದೊಡ್ಡಮ್ಮ. ವಯಸ್ಸು ಎಪ್ಪತ್ತೆಂಟು. ಮೈಸೂರಿನಲ್ಲಿ ಮನೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಆಗಿದೆ, ಎರಡು ಕಿವಿಗೂ ಮಿಷನ್ ಬಂದಿದೆ. ಹಾಕಿಕೊಳ್ಳಿ ದೊಡ್ಡಮ್ಮ ಎಂದರೆ ಒಂದು ಪಾಠವನ್ನೇ ಒಪ್ಪಿಸುತ್ತಾರೆ. "ಹಾಕ್ಕೊಂಡ್ರೆ ಎಲ್ಲಾ ಕೇಳುತ್ತೆ ಕಣೋ, ಅದೇ ತೊಂದರೆ. ಮಿಕ್ಸೀನೂ ಕೇಳುತ್ತೆ, ಫ್ಯಾನೂ ಕೇಳುತ್ತೆ, ಪಕ್ಕದ ಮನೆಯವರು ಪಾತ್ರೆ ತೊಳೆಯೋದೂ ಕೇಳುತ್ತೆ. ಮಾತು ಮಾತ್ರ ಅವೆಲ್ಲದರ ಅಡಿಗೆ ಸಿಕ್ಕಿಹಾಕ್ಕೊಂಡಿರುತ್ತೆ." ಹಾಗಾಗಿ ಟೀವಿಯ ಮುಂದೆ ಮಿಷನ್ ತೆಗೆದಿಟ್ಟು ಕಣ್ಣಲ್ಲೇ ನೋಡುವುದು ಅವರ ಪದ್ಧತಿ.

"ಅದಕ್ಕೆ ಯಂತ್ರ ಇದೆಯಲ್ಲಮ್ಮ, ತಾನೇ ಕೇಳಿಸಿಕೊಂಡು ತಾನೇ ಬರೆಯುತ್ತಂತೆ" ಎಂದು ಜಾರಿಕೊಳ್ಳಲು ನೋಡಿದೆ. ಅದನ್ನೂ ಮಾಡಿ ನೋಡಿದ್ದಳಂತೆ. ಯಂತ್ರ ಬರೆದದ್ದನ್ನು ಕಳಿಸಿದಳು. "ಹುಣಸೆ ರಸ ಹಿಂಡಿ" ಎಂದು ಅವಳು ಹೇಳಿದ ಕಡೆ "ಹುಣಸೆ ರಸ ಹಿಂದಿ" ಎಂದಿತ್ತು. "ಒಂದು ಚಿಟಿಕೆ ಇಂಗು ಹಾಕಿ" ಎನ್ನುವುದು "ಒಂದು ಚಿಟಿಕೆ ಹಿಂಗೂ ಹಾಕಿ" ಆಗಿತ್ತು. ಹೋಗಲಿ, ಹಿಂಗೂ ಹಾಕಬಹುದು, ಹಂಗೂ ಹಾಕಬಹುದು. ಆದರೆ "ಒಂದು ಚೂರು ಬೆಲ್ಲ" ಎನ್ನುವುದನ್ನು ಅದು "ಒಂದು ಚೂರು ಎಲ್ಲ" ಎಂದು ಬರೆದಿತ್ತು. ಅದನ್ನು ಓದಿದ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಚೂರು ಹಾಕ್ಬೇಕೋ, ಎಲ್ಲಾ ಹಾಕ್ಬೇಕೋ?"

ನಮ್ಮ ಹಳೆಯ ಹಾಸ್ಯ ನಾಟಕಗಳಲ್ಲಿ ಒಬ್ಬ ಕಿವುಡು ತಾತ ಇರಲೇಬೇಕಿತ್ತು. ಒಂದು ಹೇಳಿದರೆ ಇನ್ನೊಂದು ಕೇಳಿಸಿಕೊಳ್ಳುವುದು, ಸಭೆ ಹೊಟ್ಟೆ ಹಿಡಿದು ನಗುವುದು. ಈಗ ಆ ಪಾತ್ರವನ್ನು ಯಂತ್ರಕ್ಕೆ ಒಪ್ಪಿಸಿದ್ದೇವೆ. ವ್ಯತ್ಯಾಸ ಇಷ್ಟೇ. ಆಗ ನಗುತ್ತಿದ್ದವರು ಕಿವಿ ಕೇಳುವವರು, ಈಗ ನಗಬೇಕಾದವರು ಕೇಳದವರು. ಅವರಿಗೋ ನಗಲು ಪುರಸೊತ್ತಿಲ್ಲ, ಒಲೆಯ ಮೇಲೆ ಹುಳಿ ಕುದಿಯುತ್ತಿರುತ್ತದೆ. "ನನಗಿಂತ ಕಿವುಡು ಕಣೋ ಅದು" ಎಂದರು ದೊಡ್ಡಮ್ಮ.

ಅಂತೂ ಒಂದು ಭಾನುವಾರ ನಾನು ಕೂತೆ. ಎಂಟು ನಿಮಿಷದ ವಿಡಿಯೊ ತಾನೆ, ಕಾಫಿ ಆರುವುದರೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಕಾಫಿ ಆರಿತು, ಊಟ ಆರಿತು, ಸಂಜೆಯ ಕಾಫಿಯೂ ಆರಿತು. ಕೆಲಸದ ಸ್ವರೂಪ ಹೀಗಿದೆ ನೋಡಿ:

12
00:03:41,000 --> 00:03:44,500
[ಸಾಸಿವೆ ಚಟಪಟ ಸಿಡಿಯುತ್ತಿದೆ]

ಮೊದಲು ಸಾಲಿನ ಸಂಖ್ಯೆ. ಆಮೇಲೆ ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಎಂಬ ಮುಹೂರ್ತ, ಅದೂ ಸೆಕೆಂಡಿನ ಸಾವಿರದ ಭಾಗದವರೆಗೆ. ನಮ್ಮ ಪುರೋಹಿತರೂ ಇಷ್ಟು ಕರಾರುವಾಕ್ಕಾಗಿ ಲಗ್ನ ಇಟ್ಟಿದ್ದು ನಾನು ಕಾಣೆ. ಇದರಲ್ಲಿ ಮಡಿಯೂ ಉಂಟು. ಎಸ್ಆರ್‌ಟಿ ಎಂಬ ಕಡತಕ್ಕೆ ಸೆಕೆಂಡಿನ ಪಕ್ಕ ಅಲ್ಪವಿರಾಮವೇ ಆಗಬೇಕು, ವೆಬ್‌ವಿಟಿಟಿ ಎಂಬುದಕ್ಕೆ ಚುಕ್ಕಿಯೇ ಆಗಬೇಕು. ಒಂದರದು ಇನ್ನೊಂದಕ್ಕೆ ಮುಟ್ಟಿಸಿದರೆ ಮೈಲಿಗೆ.

ಅಡುಗೆ ವಿಡಿಯೊಗೆ ಇಷ್ಟೆಲ್ಲ ಬೇಕೆ ಎಂದು ಮೂಗು ಮುರಿಯುವವರಿಗೆ ಒಂದು ವಿಷಯ. ಅಮೆರಿಕದ ಟೀವಿಯಲ್ಲಿ ದೇಶವಿಡೀ ಕ್ಯಾಪ್ಷನ್ನಿನೊಂದಿಗೆ ಮೊದಲು ಪ್ರಸಾರವಾದದ್ದು ವಾರ್ತೆಯಲ್ಲ, ಅಧ್ಯಕ್ಷರ ಭಾಷಣವಲ್ಲ. 1972ರಲ್ಲಿ ಬಾಸ್ಟನ್ನಿನ ಡಬ್ಲ್ಯೂಜಿಬಿಎಚ್ ಕೇಂದ್ರ ಸಿದ್ಧಪಡಿಸಿದ 'ದಿ ಫ್ರೆಂಚ್ ಷೆಫ್', ಅಂದರೆ ಜೂಲಿಯಾ ಚೈಲ್ಡ್ ಎಂಬಾಕೆಯ ಅಡುಗೆ ಕಾರ್ಯಕ್ರಮ. ಆ ಅಕ್ಷರಗಳನ್ನು ಬೇಡವೆಂದರೂ ಮರೆಮಾಡುವಂತಿರಲಿಲ್ಲ. ಬೇಕಾದವರು ಮಾತ್ರ ತೆರೆದುಕೊಳ್ಳುವಂಥ ಕ್ಯಾಪ್ಷನ್ ಬಂದದ್ದು 1980ರ ಮಾರ್ಚ್‌ನಲ್ಲಿ, ಅದಕ್ಕೂ ಟೀವಿಯ ಪಕ್ಕ ಬೇರೆಯದೇ ಒಂದು ಡಬ್ಬ ಕೊಂಡಿಡಬೇಕಿತ್ತು. ಆ ಡಬ್ಬ ಟೀವಿಯ ಹೊಟ್ಟೆಯೊಳಗೇ ಇರತಕ್ಕದ್ದು ಎಂದು ಅಲ್ಲಿ 1990ರಲ್ಲಿ ಕಾನೂನಾಯಿತು. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 42ನೇ ಕಲಮಿನಲ್ಲಿ ಕ್ಯಾಪ್ಷನ್ ಎಂಬ ಮಾತು ಸ್ಪಷ್ಟವಾಗಿಯೇ ಇದೆ. ಕಾಯಿದೆಯಲ್ಲಿರುವುದು ಟೀವಿಯ ಪರದೆಯ ಮೇಲೆ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಇವತ್ತು ರಾತ್ರಿ ನೀವೇ ಚಾನೆಲ್ ತಿರುಗಿಸಿ ನೋಡಿ.

ಅಡುಗೆಯಲ್ಲಿ ಸದ್ದೇ ಅರ್ಧ ವಿದ್ಯೆ ಎಂಬುದು ಆ ಭಾನುವಾರ ನನಗೆ ಹೊಳೆಯಿತು. ಐವತ್ತು ವರ್ಷ ಉಂಡಿದ್ದೇನೆ, ಹೊಳೆದಿರಲಿಲ್ಲ. ಅವಳು ವಿಡಿಯೊದಲ್ಲಿ ಹೇಳುವುದು ಹೀಗೆ: "ಸಾಸಿವೆ ಸದ್ದು ನಿಂತ ಮೇಲೆ ಕರಿಬೇವು ಹಾಕಿ." ಮಾತನ್ನಷ್ಟೇ ಅಕ್ಷರ ಮಾಡಿ ಕೈತೊಳೆದುಕೊಂಡರೆ ದೊಡ್ಡಮ್ಮನಿಗೆ ಸಿಕ್ಕುವುದು ಒಂದು ಒಗಟು. ಯಾವ ಸದ್ದು? ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು? ಆದ್ದರಿಂದ [ಸಾಸಿವೆ ಚಟಪಟ ಸಿಡಿಯುತ್ತಿದೆ] ಎಂದು ಒಂದು, ಏಳು ಸೆಕೆಂಡಿನ ನಂತರ [ಸಿಡಿಯುವ ಸದ್ದು ನಿಂತಿತು] ಎಂದು ಇನ್ನೊಂದು. ಕರಿಬೇವು ಬಿದ್ದೊಡನೆ [ಚುಂಯ್]. ಬರೀ ಮಾತನ್ನು ಬರೆದರೆ ಅದು ಸಬ್‌ಟೈಟಲ್, ಕಿವಿಗೆ ಬೀಳುವುದನ್ನೆಲ್ಲ ಬರೆದರೆ ಕ್ಯಾಪ್ಷನ್. ಸಬ್‌ಟೈಟಲ್ಲು ಭಾಷೆ ಬಾರದವರಿಗೆ, ಕ್ಯಾಪ್ಷನ್ನು ಸದ್ದು ಬಾರದವರಿಗೆ.

ಈ ಜಾಗದಲ್ಲಿ ಕನ್ನಡದ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಶಾಲೆಯಲ್ಲಿ ಅನುಕರಣಾವ್ಯಯ ಎಂಬ ಪಾಠ ಇತ್ತು. ಚಟಚಟ, ಧಗಧಗ, ಜುಳುಜುಳು ಎಂದು ಉದಾಹರಣೆ ಬರೆದು ಎರಡು ಅಂಕ ಗಿಟ್ಟಿಸಿ ಮರೆತ ಪಾಠ. ಕ್ಯಾಪ್ಷನ್ ಬರೆಯುವವನಿಗೆ ಆ ಒಂದು ಪುಟವೇ ಉಗ್ರಾಣ. ಮಳೆಯನ್ನೇ ನೋಡಿ, ಧೋ ಎನ್ನುವ ಮಳೆ ಬೇರೆ, ಜಿಟಿಜಿಟಿ ಮಳೆ ಬೇರೆ, ತಗಡಿನ ಮೇಲೆ ಪಟಪಟ ಬೀಳುವ ಹನಿ ಬೇರೆ. ನಗುವಿನಲ್ಲಿ ಮುಸಿಮುಸಿ ಇದೆ, ಕಿಲಕಿಲ ಇದೆ, ಗಹಗಹ ಇದೆ. ಮೂರೂ ಬೇರೆ ಬೇರೆ ವಯಸ್ಸಿನವು, ಬೇರೆ ಬೇರೆ ಉದ್ದೇಶದವು. ಗಳಗಳ ಅತ್ತವಳಿಗೆ ಸಮಾಧಾನ ಮಾಡಬೇಕು, ಮುಳುಮುಳು ಅತ್ತವಳನ್ನು ಸುಮ್ಮನೆ ಬಿಡಬೇಕು, ಗೊಳೋ ಎಂದವಳ ಮನೆಗೆ ಊರೇ ಓಡಬೇಕು. ಇಷ್ಟೆಲ್ಲ ಇಟ್ಟುಕೊಂಡು ನಾವು ಬರೆಯುವುದೇನು? [ಮಳೆಯ ಶಬ್ದ]. [ನಗು]. [ಅಳು]. ಹೋಳಿಗೆ ತುಪ್ಪ ಮನೆಯಲ್ಲಿಟ್ಟುಕೊಂಡು ನೆಂಟರಿಗೆ ಬ್ರೆಡ್ಡು ಕೊಟ್ಟ ಹಾಗೆ.

ಎಲ್ಲಕ್ಕಿಂತ ನನ್ನ ಮೈ ಉರಿಸುವುದು [ಸಂಗೀತ] ಎಂಬ ಕ್ಯಾಪ್ಷನ್. ಮದುವೆಯ ವಿಡಿಯೊದಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಬೆರಳಾಡಿಸಿ, ಓಲಗದವರು ಉಸಿರು ಕಟ್ಟಿ ಗಟ್ಟಿಮೇಳ ಬಾರಿಸುತ್ತಾರೆ. ಕೆಳಗೆ [ಸಂಗೀತ]. ಯಕ್ಷಗಾನದಲ್ಲಿ ಮಹಿಷಾಸುರನ ಪ್ರವೇಶಕ್ಕೆ ಚೆಂಡೆ ಎದೆ ನಡುಗಿಸುತ್ತದೆ. ಕೆಳಗೆ [ಸಂಗೀತ]. ಧಾರಾವಾಹಿಯಲ್ಲಿ ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡಾಗ ಮೂರು ಸಲ ಸಿಡಿಲು ಬಡಿಯುತ್ತದೆ. ಅದಕ್ಕೂ [ಸಂಗೀತ]. ಹೋಟೆಲಿಗೆ ಹೋಗಿ ತಿಂಡಿ ಏನಿದೆ ಎಂದು ಕೇಳಿದರೆ "ಆಹಾರ ಇದೆ ಸಾರ್" ಎಂದ ಹಾಗಾಯಿತು.

ಹಾಗೆಂದು ಕೇಳಿದ್ದನ್ನೆಲ್ಲ ಗೀಚುತ್ತ ಹೋದರೂ ಕೆಟ್ಟಿತು. ಮೊದಲ ಹುರುಪಿನಲ್ಲಿ ನಾನು [ಫ್ರಿಜ್ಜಿನ ಗುಂಯ್], [ದೂರದಲ್ಲಿ ಆಟೋ], [ಕಾಗೆ ಕಾ ಕಾ] ಎಂದೆಲ್ಲ ತುಂಬಿದ್ದೆ. ಹುಳಿ ಮಾಡುವಾಗ ಕಾಗೆಗೇನು ಕೆಲಸ ಎಂದು ಅಕ್ಕನ ಮಗಳು ಅಳಿಸಿದಳು, ಸರಿಯಾಗಿಯೇ ಅಳಿಸಿದಳು. ಆದರೆ ಅದೇ ಕಾಗೆ ಸಿನಿಮಾದ ತಿಥಿಯ ದೃಶ್ಯದಲ್ಲಿ ಕೂಗಿದರೆ? ಪಿಂಡ ಇಟ್ಟು, ಮನೆಮಂದಿಯೆಲ್ಲ ಮರ ನೋಡುತ್ತ ನಿಂತಿದ್ದಾರೆ, ಎಲ್ಲಿಂದಲೋ ಒಂದು ಕಾ ಕೇಳಿತು. ಅಲ್ಲಿ ಆ ಒಂದಕ್ಷರ ಬಿಟ್ಟರೆ ಸತ್ತವರಿಗೂ ನೋಡುವವರಿಗೂ ಮುಕ್ತಿಯಿಲ್ಲ. ಯಾವ ಕಾಗೆ ಬೇಕು, ಯಾವುದು ಬೇಡ ಎಂದು ಆರಿಸುವುದರಲ್ಲೇ ಈ ಕಸುಬು ಅಡಗಿದೆ. ಯಂತ್ರಕ್ಕೆ ಇನ್ನೂ ಬಾರದಿರುವುದೂ ಇದೇ.

"ಹಂಗಾದ್ರೆ ಮಾತೇ ಇಲ್ಲದ ಸಿನಿಮಾಗೆ ಕ್ಯಾಪ್ಷನ್ ಬೇಡ ಅಲ್ವಾ?" ಎಂದು ಭಾವ ನಡುವೆ ಬಾಯಿ ಹಾಕಿದರು. ಅವರ ಮನಸ್ಸಿನಲ್ಲಿದ್ದದ್ದು 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸರಾಯರು 1987ರಲ್ಲಿ ನಮ್ಮ ಬೆಂಗಳೂರಿನಲ್ಲೇ ತೆಗೆದ, ಒಂದೂ ಮಾತಿಲ್ಲದ ಚಿತ್ರ. ನಾನು ತೊಡೆ ತಟ್ಟಿ ನಿಂತೆ. ಆ ಚಿತ್ರದ ಕಮಲ್ ಹಾಸನ್ ನೆನಪಿದೆಯೆ? ಕೆಲಸವಿಲ್ಲದ ಹುಡುಗ, ಸಿನಿಮಾ ಥಿಯೇಟರಿನ ಪಕ್ಕದ ಬಡ ಕೋಣೆಯಲ್ಲಿ ವಾಸ, ಹೊಡೆದಾಟದ ಸದ್ದಿನ ನಡುವೆಯೇ ನಿದ್ದೆ. ಅದೃಷ್ಟ ತಿರುಗಿ ದೊಡ್ಡ ಹೋಟೆಲಿನ ಮೆತ್ತನೆಯ ಹಾಸಿಗೆ ಸಿಕ್ಕಿದರೆ ಆ ನಿಶ್ಶಬ್ದದಲ್ಲಿ ಕಣ್ಣು ಮುಚ್ಚುವುದಿಲ್ಲ. ಕೊನೆಗೆ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಆ ಹಳೆಯ ಗಲಾಟೆಯನ್ನು ತುಂಬಿಸಿಕೊಂಡು ಬಂದು, ಹಾಕಿಕೊಂಡು, ನೆಮ್ಮದಿಯಾಗಿ ಮಲಗುತ್ತಾನೆ. ಇಡೀ ತಮಾಷೆ ನಿಂತಿರುವುದು ಸದ್ದಿನ ಮೇಲೆ. ಟೇಪಿನಲ್ಲಿ ಏನಿದೆ ಎಂದು ಬರೆಯದಿದ್ದರೆ ದೊಡ್ಡಮ್ಮನ ಪಾಲಿಗೆ ಅವನು ಹಾಡು ಕೇಳುತ್ತ ಮಲಗಿದ ಒಬ್ಬ ರಸಿಕ, ಅಷ್ಟೇ. ಮಾತಿಲ್ಲದ ಚಿತ್ರಕ್ಕೂ ಕ್ಯಾಪ್ಷನ್ ಬೇಕು ಭಾವ, ಎಂದೆ. ಭಾವ ಪೇಪರ್ ಬಿಡಿಸಿಕೊಂಡರು.

ನಿಜವಾದ ಮೂಕಿಚಿತ್ರಗಳ ಕಾಲವೇ ಕಿವಿ ಕೇಳದವರ ಸುವರ್ಣಯುಗವಾಗಿತ್ತು. ನಡುನಡುವೆ ಬರಹದ ಫಲಕ ಬರುತ್ತಿತ್ತು, ಎಲ್ಲರೂ ಅದನ್ನೇ ಓದಬೇಕು, ಪಂಕ್ತಿಭೇದವಿರಲಿಲ್ಲ. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ಚಿತ್ರ ಮಾತಾಡಿತು ಎಂದು ನಾವು ಇವತ್ತಿಗೂ ಹೆಮ್ಮೆಪಡುತ್ತೇವೆ. ಪಡೋಣ. ಆದರೆ ಚಿತ್ರಗಳು ಬಾಯಿ ಬಿಟ್ಟ ಆ ಗಳಿಗೆಯಲ್ಲೇ ಒಂದಷ್ಟು ಜನರ ಮುಂದೆ ಥಿಯೇಟರಿನ ಬಾಗಿಲು ಮುಚ್ಚಿತು. ಕ್ಯೂಬಾದಲ್ಲಿ ಹುಟ್ಟಿದ ಎಮರ್ಸನ್ ರೊಮೆರೊ ಎಂಬ ಕಿವುಡ ನಟ ಅಮೆರಿಕದ ಮೂಕಿಚಿತ್ರಗಳಲ್ಲಿ ನಗಿಸುತ್ತಿದ್ದವನು. ಟಾಕಿ ಬಂದಮೇಲೆ ನಟನೆಯೂ ಹೋಯಿತು, ನೋಡುವ ಸುಖವೂ ಹೋಯಿತು. 1947ರಲ್ಲಿ ಆತ ಸುಮ್ಮನೆ ಕೂರದೆ ಸಿನಿಮಾ ರೀಲುಗಳನ್ನು ಕತ್ತರಿಸಿ, ನಡುವೆ ಬರಹದ ತುಣುಕು ಅಂಟಿಸಿ, ಕಿವುಡರ ಸಂಘಗಳಿಗೆ ಹಂಚಿದ. ಕತ್ತರಿ, ಅಂಟು, ಹಟ, ಮೂರೇ ಬಂಡವಾಳ. ನನ್ನ ಭಾನುವಾರದ ಗೋಳನ್ನು ಇದಾದ ಮೇಲೆ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ಆದರೂ ಹೇಳುತ್ತೇನೆ.

ದೊಡ್ಡ ಗೋಳು ಎಂದರೆ ವಾಕ್ಯ ಮುರಿಯುವುದು. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಹಾಕಬಾರದು ಎಂಬುದು ಈ ಕೆಲಸದಲ್ಲಿ ಪಳಗಿದವರ ರೂಢಿ. ಸರಿ ಎಂದು ನಾನು ಅಳತೆ ಪಟ್ಟಿ ಹಿಡಿದು ಕತ್ತರಿಸಿದೆ. ಒಂದು ಕಡೆ "ಬೇಳೆ ಬೇಯುವ ಮೊದಲೇ ಹುಣಸೆ ರಸ ಹಾಕಿ" ಎಂಬಲ್ಲಿಗೆ ಸಾಲು ತುಂಬಿತು. ಮುಂದಿನ ಪರದೆಗೆ "ಬಿಡಬೇಡಿ" ಹೋಯಿತು. ಮೂರು ಸೆಕೆಂಡು ಅಂತರ. ಅಷ್ಟರಲ್ಲಿ ದೊಡ್ಡಮ್ಮ ರಸ ಸುರಿದಾಗಿರುತ್ತದೆ, ಬೇಳೆ ಜನ್ಮದಲ್ಲಿ ಬೇಯುವುದಿಲ್ಲ. ಇಂಗ್ಲಿಷಿನವರು ಬೇಡ ಎನ್ನುವುದನ್ನು ಮೊದಲೇ ಹೇಳಿಬಿಡುತ್ತಾರೆ. ನಮ್ಮ ಕನ್ನಡ ಹಾಗಲ್ಲ, ಬೇಕೋ ಬೇಡವೋ ಎನ್ನುವುದನ್ನು ಬಾಲದಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಬಾಲ ಕತ್ತರಿಸಿದರೆ ಅರ್ಥ ತಿರುಗಿ ಕಚ್ಚುತ್ತದೆ. ಕೊನೆಗೆ "ಈಗಲೇ ಹುಣಸೆ ರಸ ಬೇಡ" ಎಂದು ಒಂದು ಪರದೆ, ಕಾರಣಕ್ಕೆ ಇನ್ನೊಂದು ಪರದೆ ಮಾಡಿದೆ. ಅವಳಾಡಿದ ಮಾತು ಹಾಗೇ ಇರಲಿಲ್ಲ, ಒಪ್ಪುತ್ತೇನೆ. ಹುಳಿ ಉಳಿಯಿತು.

ಓದುವ ವೇಗದ ಲೆಕ್ಕವೂ ಹೀಗೆಯೇ ಕೈಕೊಡುತ್ತದೆ. ಬಿಬಿಸಿಯವರು ನಿಮಿಷಕ್ಕೆ 160ರಿಂದ 180 ಪದ ಎನ್ನುತ್ತಾರೆ. ಅವರದು ಇಂಗ್ಲಿಷ್ ಪದ, ಇಡ್ಲಿಯಷ್ಟು ಪುಟ್ಟದು. ನಮ್ಮದು "ಹಾಕಿಬಿಡಬೇಕಾಗುತ್ತದೇನೋ" ಎಂದರೆ ಒಂದು ಪದ. ರೈಲಿಗೆ ಬೋಗಿ ಜೋಡಿಸಿದಂತೆ ಜೋಡಿಸಿ, ಕೊನೆಗೊಂದು ಅನುಮಾನದ ಡಬ್ಬಿಯನ್ನೂ ತಗುಲಿಸಿ, ಒಂದು ಎಂದು ಎಣಿಸುತ್ತೇವೆ. ಹಾಗಾಗಿ ನಾನು ಪದ ಎಣಿಸುವುದನ್ನು ಬಿಟ್ಟು, ಪ್ರತಿ ಸಾಲನ್ನೂ ಬಾಯಿಬಿಟ್ಟು ನಿಧಾನವಾಗಿ ಓದಿ, ಉಸಿರು ಸಾಲುತ್ತದೆಯೇ ನೋಡಿದೆ. ಮನೆಯವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ ಹೋದಳು.

ಈಗಿನ ಹುಡುಗರ ರೀಲ್ಸ್‌ನಲ್ಲಿ ಈ ತಾಪತ್ರಯವೇ ಇಲ್ಲ. ಒಂದು ಸಲಕ್ಕೆ ಒಂದೇ ಪದ, ಹಳದಿ ಬಣ್ಣ, ಕುಣಿಯುತ್ತ ಬಂದು ಕುಣಿಯುತ್ತ ಹೋಗುತ್ತದೆ. ಎಲೆಯ ಮೇಲೆ ಒಂದೊಂದೇ ಅಗುಳು ಬಡಿಸಿ, ನುಂಗುವ ಮೊದಲು ಕಸಿದುಕೊಂಡ ಹಾಗೆ. ಹಾಸ್ಯದವರದು ಇನ್ನೊಂದು ರೋಗ. ಮಾತಾಡುವವನು ಇನ್ನೂ ಬಾಯಿ ತೆರೆದಿರುವುದಿಲ್ಲ, ಜೋಕಿನ ಕೊನೆ ಕೆಳಗೆ ಬಂದು ಕೂತಿರುತ್ತದೆ. ಥಿಯೇಟರಿನಲ್ಲಿ "ಈಗ ಇವನೇ ಸಾಯೋದು" ಎನ್ನುವ ಪಕ್ಕದ ಸೀಟಿನವನ ಜಾತಿ.

ಅಕ್ಷರ ಎಲ್ಲಿ ಕೂರಬೇಕು ಎಂಬುದೂ ಜಗಳದ ವಿಷಯವೇ. ಪರದೆಯ ಅಡಿಯಲ್ಲಿ ಎಂದು ರೂಢಿ. ಅಡುಗೆ ವಿಡಿಯೊದಲ್ಲಿ ಅಡಿಯಲ್ಲಿರುವುದು ಬಾಣಲೆ. "ಈರುಳ್ಳಿ ಈ ಬಣ್ಣಕ್ಕೆ ಬರಲಿ" ಎಂಬ ಸಾಲು ಸರಿಯಾಗಿ ಈರುಳ್ಳಿಯ ಮೇಲೆಯೇ ಕೂತಿತ್ತು. ಅದನ್ನು ಮೇಲಕ್ಕೆ ಕಳಿಸಿದೆವು. ಅನ್ನದ ದೃಶ್ಯದಲ್ಲಿ ಬಿಳಿ ಅನ್ನದ ಮೇಲೆ ಬಿಳಿ ಅಕ್ಷರ ಕರಗಿಹೋಗಿ, ಹಿಂದೆ ಕಪ್ಪು ಪಟ್ಟಿ ಹಾಕಬೇಕಾಯಿತು.

ಒಳಗೆ ಇವಳು ಒಗ್ಗರಣೆ ಕೊಡುತ್ತಿರುವಾಗ ಹೊರಗಿನಿಂದ ಭಾವನ ದನಿ ಬರುತ್ತದೆ: "ಕಾಫಿ ಆಯ್ತೇನೇ?" ಯಾರ ಮಾತೆಂದು ಬರೆಯದಿದ್ದರೆ ಸಾಂಬಾರ್ ಪಾತ್ರೆ ಹಿಡಿದವಳೇ ತನ್ನನ್ನು ತಾನೇ ಕಾಫಿ ಕೇಳಿಕೊಂಡಂತೆ ಕಾಣುತ್ತದೆ. "ಅಪ್ಪ (ಹೊರಗಿನಿಂದ):" ಎಂದು ಸೇರಿಸಿದೆ. ಭಾವನ ಮಾತನ್ನು ನಾನು ಸಭ್ಯವಾಗಿ "ಕಾಫಿ ಸಿದ್ಧವಾಯಿತೆ?" ಎಂದು ಬರೆದಿದ್ದೆ. ಇದೂ ತಪ್ಪಂತೆ. ಆಡಿದ್ದನ್ನು ತಿದ್ದುವುದಕ್ಕೆ ಕ್ಯಾಪ್ಷನ್ ಬರೆಯುವವನು ಕನ್ನಡ ಮೇಷ್ಟ್ರಲ್ಲ. ಯೋಚಿಸಿದರೆ ಸರಿಯೇ. ಮಂಡ್ಯದವನ "ಯಾಕ್ಲಾ" ಎಂಬುದನ್ನು "ಏಕೆ" ಎಂದು ಬರೆದರೆ ಮಂಡ್ಯವೇ ಮಾಯ. ಧಾರವಾಡದವರ "ಹೌದ್ರೀ" ತೆಗೆದು "ಹೌದು" ಎಂದರೆ ಮರ್ಯಾದೆಯೇ ಹೋಯಿತು. ಬೈಗುಳಕ್ಕೆ ಚುಕ್ಕಿ ಇಡುವವರನ್ನೂ ನೋಡಿದ್ದೇನೆ. ಕೇಳುವವರಿಗೆ ಪೂರ್ತಿ ಬೈಗುಳ, ಓದುವವರಿಗೆ ಮೂರು ನಕ್ಷತ್ರ. "ನಂಗೆ ಗೊತ್ತಿಲ್ದಿರೋ ಬೈಗುಳ ಯಾವುದಿದೆಯೋ, ಪೂರ್ತಿ ಬರೀರಿ" ಎನ್ನುವುದು ದೊಡ್ಡಮ್ಮನ ಬೇಡಿಕೆ.

ರಾತ್ರಿ ಹತ್ತಕ್ಕೆ ಮುಗಿಸಿ ಕಳಿಸಿದೆ. ಕುಕ್ಕರಿನ ಭಾಗದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು. "ನಾಲ್ಕು ವಿಶಲ್ ಕೂಗಿಸಿ" ಎಂದು ಅವಳು ಹೇಳುತ್ತಾಳೆ. ಅದರ ಹಿಂದೆಯೇ [ವಿಶಲ್: ಒಂದು], [ವಿಶಲ್: ಎರಡು] ಎಂದು ನಾಲ್ಕೂ ಕೂಗಿಗೆ ನಾಲ್ಕು ಸಾಲು ಬರೆದಿದ್ದೆ.

ಮಾರನೆಯ ಮಧ್ಯಾಹ್ನ ದೊಡ್ಡಮ್ಮ ವಾಟ್ಸಾಪಿನಲ್ಲಿ ದನಿ ಕಳಿಸಿದರು. ಅವರು ದನಿಯನ್ನೇ ಕಳಿಸುವುದು, ನಾವು ಅಕ್ಷರದಲ್ಲಿ ಉತ್ತರಿಸುವುದು. ಹುಳಿ ಚೆನ್ನಾಗಿ ಆಯಿತಂತೆ. ಬೆಲ್ಲ ಚೂರೇ ಹಾಕಿದರಂತೆ. "ಆದ್ರೆ ಕಣೋ, ಕುಕ್ಕರ್ ಕೂಗಿದ್ದು ಮೂರೇ ಸಲ. ನೀನು ನಾಲ್ಕು ಬರ್ದಿದ್ದೀಯ."

ನಿಮಗೆ ಹೇಗೆ ಗೊತ್ತು ದೊಡ್ಡಮ್ಮ, ಎಂದು ಟೈಪಿಸಿದೆ.

"ಹಬೆ ಎದ್ದಿದ್ದು ಮೂರು ಸಲ. ನಾನು ಎಣಿಸೋದೇ ಹಂಗಲ್ವೇನೋ."

ವಿಡಿಯೊ ಹಾಕಿ, ಸದ್ದು ಜೋರು ಮಾಡಿ, ಎರಡು ಸಲ ಕೇಳಿದೆ. ನಾಲ್ಕನೆಯದನ್ನು ಅಕ್ಕನ ಮಗಳು ಉದ್ದವಾಯಿತೆಂದು ಕತ್ತರಿಸಿದ್ದಳು. ಅವಳು ಬಾಯಲ್ಲಿ ನಾಲ್ಕು ಎಂದಿದ್ದಳಲ್ಲ, ನಾನು ನಾಲ್ಕೂ ಕೇಳಿಸಿಕೊಂಡುಬಿಟ್ಟಿದ್ದೆ. ಆ ಸಾಲನ್ನು ಅಳಿಸಿ ಮತ್ತೆ ಕಳಿಸಿದ್ದೇನೆ.